ಕೊಲೆಗಾರನನ್ನು ಮೊದಲೇ ಹಿಡಿಯುವವರಿಗೆ

ರಹಸ್ಯ ಸರಣಿಗಳನ್ನು ಒಟ್ಟಿಗೆ ನೋಡಿ, ಮುಂದಿನ ಕಂತು ಬರುವವರೆಗೂ ಜಗಳವಾಡುವ ಸಣ್ಣ ಗುಂಪೊಂದು ನಮ್ಮದು. ಎಂಥ ಊಹೆ ನಿಲ್ಲುತ್ತದೆ, ಎಂಥದ್ದು ಬರೀ ಗದ್ದಲ ಎಂದು ಗಮನಿಸುತ್ತ ಬಂದವನ ಟಿಪ್ಪಣಿಗಳಿವು. ‘ಟ್ರೂ ಡಿಟೆಕ್ಟಿವ್’, ‘ವೆಸ್ಟ್‌ವರ್ಲ್ಡ್’ ನೋಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟೆಲ್ಲ ರಟ್ಟು.

1. ಎಲ್ಲ ವಿಚಿತ್ರವೂ ಸುಳಿವಲ್ಲ

2014ರಲ್ಲಿ ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್ ಬಂದಾಗ ನಡೆದಷ್ಟು ವಾದ ಆಮೇಲೆ ನಮ್ಮಲ್ಲಿ ನಡೆದಿಲ್ಲ. ಲೂಯಿಸಿಯಾನಾದ ಕಬ್ಬಿನ ಗದ್ದೆಯಲ್ಲಿ ಹೆಣ್ಣಿನ ಹೆಣ, ತಲೆಗೆ ಜಿಂಕೆ ಕೊಂಬಿನ ಕಿರೀಟ. ಆಮೇಲೆ ‘ಹಳದಿ ರಾಜ’ ಎಂಬ ಹೆಸರು ಕೇಳಿಬಂತು. ಅದರ ಮೂಲ 1895ರಲ್ಲಿ ರಾಬರ್ಟ್ ಚೇಂಬರ್ಸ್ ಪ್ರಕಟಿಸಿದ ಕಥಾಸಂಕಲನ ಎಂದು ಗೊತ್ತಾದದ್ದೇ ತಡ, ಜನ ಮುಗಿಬಿದ್ದು ಆ ಪುಸ್ತಕ ಕೊಂಡರು. ಪತ್ತೇದಾರ ಮಾರ್ಟಿಯ ಮಗಳು ಐದು ಗಂಡು ಗೊಂಬೆಗಳ ನಡುವೆ ಒಂದು ಹೆಣ್ಣು ಗೊಂಬೆಯನ್ನು ಮಲಗಿಸಿದ್ದಳು. ಅಲ್ಲಿಂದ ಅನುಮಾನ ಮಾರ್ಟಿಯ ಮಾವನ ಮೇಲೆ ಹೋಯಿತು, ಕೊನೆಗೆ ಮಾರ್ಟಿಯ ಮೇಲೂ ಬಂತು.

ಕೊಲೆಗಾರನೋ, ಮೂರನೇ ಕಂತಿನಲ್ಲೇ ಪಾಳುಬಿದ್ದ ಶಾಲೆಯ ಅಂಗಳದಲ್ಲಿ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು, ಇನ್ನೊಬ್ಬ ಪತ್ತೇದಾರ ರಸ್ಟ್‌ನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋಗಿದ್ದ. ತನ್ನನ್ನು ಅಟ್ಟಿಸಿಕೊಂಡು ಬಂದವನ ಕಿವಿ ಹಸಿರಾಗಿತ್ತು ಎಂದು ಮಗುವೊಂದು ಹೇಳಿತ್ತು. ಹಳೆಯ ಫೋಟೊದಲ್ಲಿದ್ದ ಮನೆಗೆ ಆಗಷ್ಟೇ ಹಸಿರು ಬಣ್ಣ ಬಳಿದದ್ದು ಕೊನೆಯ ಕಂತಿನಲ್ಲಿ ಮಾರ್ಟಿಯ ಕಣ್ಣಿಗೆ ಬಿತ್ತು. ಬಣ್ಣ ಬಳಿದವನು ಯಾರು ಎಂದು ಹುಡುಕಿಕೊಂಡು ಹೋದರು, ಅಷ್ಟೇ.

“ಅಲ್ಲ ಮಾರಾಯ, ಹಾಗಾದ್ರೆ ಆ ಗೊಂಬೆ?” ಎಂದು ಗೆಳೆಯನೊಬ್ಬ ಈಗಲೂ ಕೇಳುತ್ತಾನೆ. ಸರಣಿ ಅದಕ್ಕೆ ಉತ್ತರ ಕೊಡಲೇ ಇಲ್ಲ. ನಾನು ನೋಡುವುದು ಇಷ್ಟು: ಅದನ್ನು ಹಿಡಿದುಕೊಂಡು ಪತ್ತೇದಾರ ಯಾರದಾದರೂ ಮನೆ ಬಾಗಿಲು ತಟ್ಟಬಹುದೇ? ಹಸಿರು ಬಣ್ಣ ಹಿಡಿದು ತಟ್ಟಬಹುದು. ಗೊಂಬೆ ನಮ್ಮ ಎದೆ ಝಲ್ಲೆನಿಸಲು ಇಟ್ಟದ್ದು. ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು ಅನ್ನಿ.

2. ಸೋಲುವುದು ಹೇಗೆಂದು ಮೊದಲೇ ಹೇಳಿ

2016ರ ‘ವೆಸ್ಟ್‌ವರ್ಲ್ಡ್’ನಲ್ಲಿ ಯುವಕ ವಿಲಿಯಮ್ ಬಂದಿಳಿಯುವಾಗ ಕಾಣುವ ಪಾರ್ಕಿನ ಲಾಂಛನ ಒಂದು, ಬೇರೆ ದೃಶ್ಯಗಳಲ್ಲಿ ಕಾಣುವುದು ಇನ್ನೊಂದು. ಹಾಗಾದರೆ ಎರಡು ಕಾಲಗಳನ್ನು ಬೆರೆಸಿ ತೋರಿಸುತ್ತಿದ್ದಾರೆ, ಈ ಸಾಧು ಹುಡುಗನೇ ಮುಂದೆ ಕಪ್ಪು ಬಟ್ಟೆಯ ಕ್ರೂರಿ ಮುದುಕನಾಗುತ್ತಾನೆ ಎಂದು ಅಭಿಮಾನಿಗಳು ಆರಂಭದ ಕಂತುಗಳಲ್ಲೇ ಹೇಳಿಬಿಟ್ಟರು. ಹತ್ತನೇ ಕಂತು ಅದನ್ನು ಒಪ್ಪಿತು. ಈ ಊಹೆ ಬಿದ್ದುಹೋಗಲು ಒಂದೇ ದೃಶ್ಯ ಸಾಕಿತ್ತು: ಇಬ್ಬರೂ ಎದುರುಬದುರು ನಿಂತು ಮಾತಾಡಿದ್ದರೆ ಆಟ ಮುಗಿಯುತ್ತಿತ್ತು. ವಾರವಾರವೂ ಆ ದೃಶ್ಯ ಬಾರದೆ ಊಹೆ ಗಟ್ಟಿಯಾಗುತ್ತ ಹೋಯಿತು.

‘ಲಾಸ್ಟ್’ ನೋಡುವಾಗ ಕೇಳಿಬರುತ್ತಿದ್ದ “ಇವರೆಲ್ಲ ವಿಮಾನ ಬಿದ್ದಾಗಲೇ ಸತ್ತಿದ್ದಾರೆ” ಎಂಬ ವಾದ ಇದಕ್ಕೆ ತದ್ವಿರುದ್ಧ. ದ್ವೀಪದಲ್ಲಿ ಏನೇ ನಡೆದರೂ ಅದಕ್ಕೆ ಪುರಾವೆಯೇ. ತಯಾರಕರೇ ಅಲ್ಲವೆಂದರೂ, “ಹೌದು ಅಂತ ಅವರು ಯಾಕೆ ಹೇಳ್ತಾರೆ?” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಇಂಥವರ ಜೊತೆ ರಾತ್ರಿ ಹತ್ತರ ನಂತರ ವಾದಕ್ಕಿಳಿಯಬೇಡಿ.

3. ಸೆಟ್ಟಿನಲ್ಲಿ ಆಕಸ್ಮಿಕಗಳೂ ನಡೆಯುತ್ತವೆ

1990ರಲ್ಲಿ ಅಮೆರಿಕದ ವೀಕ್ಷಕರು ‘ಲಾರಾ ಪಾಮರ್‌ಳನ್ನು ಕೊಂದವರು ಯಾರು’ ಎಂದು ತಲೆಕೆಡಿಸಿಕೊಂಡಿದ್ದ ‘ಟ್ವಿನ್ ಪೀಕ್ಸ್’ನಲ್ಲಿ ಫ್ರಾಂಕ್ ಸಿಲ್ವಾ ನಟರಾಗಿರಲಿಲ್ಲ, ಸೆಟ್ ಜೋಡಿಸುವವರಾಗಿದ್ದರು. ಲಾರಾಳ ಕೋಣೆಯಲ್ಲಿ ಪೀಠೋಪಕರಣ ಸರಿಸುತ್ತಿದ್ದ ಅವರನ್ನು ಕಂಡು ನಿರ್ದೇಶಕ ಡೇವಿಡ್ ಲಿಂಚ್‌ಗೆ ಏನೋ ಹೊಳೆದು, ಮಂಚದ ಬದಿಗೆ ಕೂರಿಸಿ ಒಂದು ಶಾಟ್ ತೆಗೆದರು. ಯಾಕೆಂದು ಅವರಿಗೇ ಸ್ಪಷ್ಟವಿರಲಿಲ್ಲ. ಆಮೇಲೆ ಲಾರಾಳ ತಾಯಿ ಚೀರುವ ದೃಶ್ಯದಲ್ಲಿ ಕನ್ನಡಿಯೊಳಗೆ ಸಿಲ್ವಾ ಮುಖ ಸಿಕ್ಕಿಬಿತ್ತು. ಬೇರೆಯವರಾಗಿದ್ದರೆ ಮತ್ತೊಮ್ಮೆ ಚಿತ್ರೀಕರಿಸುತ್ತಿದ್ದರು. ಲಿಂಚ್ ಅದನ್ನೇ ಉಳಿಸಿಕೊಂಡರು. ಕಥೆಯ ದುಷ್ಟಶಕ್ತಿ ಬಾಬ್ ಹುಟ್ಟಿದ್ದು ಹೀಗೆ. “ಇದೆಲ್ಲ ಮೊದಲ ದಿನದಿಂದಲೇ ಯೋಜಿಸಿದ್ದು” ಎಂದು ಯಾರಾದರೂ ಮೇಜು ಕುಟ್ಟಿದಾಗ ನಾನು ಆ ಕನ್ನಡಿಯ ಮಾತೆತ್ತುತ್ತೇನೆ.

4. ನಟರ ಮುಖಭಾವ ಸಾಕ್ಷಿಯಲ್ಲ

ಬ್ರಿಟನ್ನಿನ ‘ಬ್ರಾಡ್‌ಚರ್ಚ್’ (2013) ಚಿತ್ರೀಕರಣದ ಬಹುಕಾಲ ಕೊಲೆಗಾರ ಯಾರೆಂದು ಹೆಚ್ಚಿನ ನಟರಿಗೇ ತಿಳಿಸಿರಲಿಲ್ಲ. ಕಣ್ಣಲ್ಲಿ ಅಪರಾಧಪ್ರಜ್ಞೆ ಕಂಡೆ ಎನ್ನುವವರು ಇದನ್ನೊಂದು ನೆನಪಿಟ್ಟುಕೊಳ್ಳಲಿ.

5. ವಾರದ ಬಿಡುವು ಬೇಕು

ಹಿಂದೆ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬರುತ್ತಿದ್ದಾಗ ಮುಂದಿನ ಕಂತಿಗೆ ಕಾಯದೆ ಬೇರೆ ದಾರಿಯೇ ಇರಲಿಲ್ಲ. ಈಗ ಒಂದೇ ರಾತ್ರಿ ಇಡೀ ಸೀಸನ್ ಮುಗಿಸಿ ಬಂದವನ ಬಳಿ ಊಹೆ ಇರುವುದಿಲ್ಲ, ಉತ್ತರ ಮಾತ್ರ ಇರುತ್ತದೆ. ಒಟ್ಟಿಗೇ ಬಿಡುಗಡೆಯಾದ ಸರಣಿಯನ್ನೂ ನಾವು ವಾರಕ್ಕೆರಡು ಕಂತಿನಂತೆಯೇ ನೋಡುವುದು. ಕದ್ದು ಮುಂದೆ ನೋಡುವವರು ಇದ್ದೇ ಇರುತ್ತಾರೆ. ಗುಂಪಿನಲ್ಲಿ ಏಕಾಏಕಿ ಮೌನಿಯಾದವರನ್ನು ಗಮನಿಸಿದರೆ ಸಾಕು.

6. ಬರೆದಿಡಿ

“ನಾನು ಆಗ್ಲೇ ಹೇಳಿರ್ಲಿಲ್ವಾ?” ಎನ್ನುವವರ ಕಾಟಕ್ಕೆ ನಾವು ಕಂಡುಕೊಂಡ ಮದ್ದು ಇದು. ಪ್ರತಿಯೊಬ್ಬರೂ ಕೊಲೆಗಾರನ ಹೆಸರು, ಕಾರಣ, ಏನು ಕಂಡರೆ ಸೋತೆನೆಂದು ಒಪ್ಪುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ ಡಬ್ಬಿಗೆ ಹಾಕಬೇಕು. ಒಂದು ಹೆಸರಿಗಿಂತ ಹೆಚ್ಚು ಬರೆದರೆ ಚೀಟಿ ರದ್ದು. ಕೊನೆಯ ಕಂತಿನ ಮರುದಿನ ಡಬ್ಬಿ ತೆರೆಯುತ್ತೇವೆ. ಮಸಾಲೆ ದೋಸೆಯ ಬಿಲ್ಲು ಸೋತವರದು.