‘ನನ್ನ ಹವ್ಯಾಸ’: ಒಂದು ರಚನಾ ಪಾಠವನ್ನು ಎರಡು ಸಲ ಮಾಡಿದ ಅನುಭವ

(ಕನ್ನಡ ಬೋಧನಾ ಪದ್ಧತಿ – ಒಂಬತ್ತನೆಯ ತರಗತಿ – ಪ್ರಥಮ ಭಾಷೆ)

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ನನ್ನನ್ನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಕಳಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ 36 ಮಕ್ಕಳು. ಗದ್ಯ, ಪದ್ಯ, ವ್ಯಾಕರಣದ ಪಾಠಗಳು ತಕ್ಕಮಟ್ಟಿಗೆ ನಡೆದಿದ್ದವು. ರಚನಾ ಪಾಠಕ್ಕೆ ನಾನು ಆರಿಸಿಕೊಂಡ ವಿಷಯ ‘ನನ್ನ ಹವ್ಯಾಸ’. ಸುಲಭವಾಗಿ ಮುಗಿಯುತ್ತದೆ ಎಂಬುದೇ ಅದನ್ನು ಆರಿಸಲು ಕಾರಣ. ಆ ಪಾಠ ಸೋತದ್ದು, ಅದನ್ನು ಮತ್ತೆ ಮಾಡಿದ್ದು, ಎರಡನೆಯ ಸಲವೂ ಪೂರ್ತಿ ಗೆಲ್ಲದೆ ಹೋದದ್ದು, ಇಷ್ಟನ್ನು ಇಲ್ಲಿ ಬರೆದಿದ್ದೇನೆ. ಮುಂದಿನ ವರ್ಷ ಇದೇ ವಿಷಯವನ್ನು ಕೈಗೆತ್ತಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು.

ಮೊದಲ ಪಾಠ

ಪಾಠಯೋಜನೆ ಕ್ರಮಬದ್ಧವಾಗಿಯೇ ಇತ್ತು. ಪೀಠಿಕೆಗೆ ನಾಲ್ಕು ಪ್ರಶ್ನೆ, ಉದ್ದೇಶಕಥನ, ಪ್ರಬಂಧದ ಮೂರು ಭಾಗಗಳ ವಿವರಣೆ, ಕಪ್ಪುಹಲಗೆಯ ಮೇಲೆ ಒಂದು ಮಾದರಿ, ಕೊನೆಗೆ ಬರವಣಿಗೆ. ಮಾದರಿಯಾಗಿ ನಾನು ಬರೆದದ್ದು: ‘ನನ್ನ ಹವ್ಯಾಸ ಪುಸ್ತಕ ಓದುವುದು. ಬಿಡುವಿನ ವೇಳೆಯಲ್ಲಿ ನಾನು ಮಹಾನ್ ವ್ಯಕ್ತಿಗಳ ಜೀವನಚರಿತ್ರೆ ಓದುತ್ತೇನೆ.’

ಮಕ್ಕಳು ತಲೆಬಗ್ಗಿಸಿ ಬರೆದರು. 14 ಮಂದಿ ಅಂಚೆಚೀಟಿ ಸಂಗ್ರಹ, 9 ಮಂದಿ ತೋಟಗಾರಿಕೆ, 8 ಮಂದಿ ಪುಸ್ತಕ ಓದುವುದು, 4 ಮಂದಿ ನಾಣ್ಯ ಸಂಗ್ರಹ. ತಪ್ಪು ಕಡಿಮೆ, ಅಕ್ಷರ ದುಂಡು. ಸಂತೋಷಪಟ್ಟೆ.

ಒಬ್ಬ ಹುಡುಗ ಮಾತ್ರ ಬರೆದಿರಲಿಲ್ಲ. ಕೊನೆಯ ಬೆಂಚಿನ ಗೋಡೆಯ ಬದಿಗೆ ಕೂರುವವನು. ಹತ್ತಿರ ಹೋಗಿ ನೋಡಿದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಿನಿಮಾದ ಹೆಸರನ್ನು ದಪ್ಪಕ್ಷರದಲ್ಲಿ ಬಿಡಿಸುತ್ತಿದ್ದ. ಹಿಂದಿನ ಪುಟ ತಿರುಗಿಸಿದೆ. ಅಲ್ಲೂ ಸಿನಿಮಾದ ಹೆಸರುಗಳೇ. ಒಂದರಲ್ಲಿ ತಲಕಟ್ಟು ಹಾವಿನ ಹೆಡೆಯಾಗಿತ್ತು, ಇನ್ನೊಂದರಲ್ಲಿ ಕೊಂಬು ಮಚ್ಚಿನಂತೆ ಬಾಗಿತ್ತು. ಹಿಂದಿನ ಸಾಲಿನಲ್ಲಿ ವೀಕ್ಷಕರು ಕುಳಿತಿದ್ದರು. ತರಗತಿ ನಿಯಂತ್ರಣಕ್ಕೆ ಅಂಕವಿದೆ ಎಂಬುದು ತಲೆಯಲ್ಲಿತ್ತು. ‘ಇದನ್ನು ಬರೆಯೋಕೆ ಶಾಲೆಗೆ ಬರ್ತೀಯಾ?’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನೋಟ್‌ಬುಕ್ ತೆಗೆದುಕೊಂಡೆ. ತರಗತಿ ನಕ್ಕಿತು. ಅವನು ನಗಲಿಲ್ಲ, ಅಳಲೂ ಇಲ್ಲ. ಕಿಟಕಿಯ ಕಡೆ ತಿರುಗಿದ.

ವೀಕ್ಷಣೆಯ ನಂತರ

ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಪಾಠ ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ, ಸಮಯಪಾಲನೆ ಎಲ್ಲವಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಆಮೇಲೆ ಮಕ್ಕಳ ಪುಸ್ತಕಗಳನ್ನು ಒಂದೊಂದೇ ತಿರುವುತ್ತಾ ಕೇಳಿದರು: ‘ನೋಡಮ್ಮ, ಈ ಊರಲ್ಲಿ ಅಂಚೆಚೀಟಿ ಕೂಡಿಡೋ ಮಕ್ಕಳು ಹದಿನಾಲ್ಕು ಜನ ಇದ್ದಾರಾ?’

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಮಕ್ಕಳನ್ನೇ ಕೇಳಿದೆ. ಅಂಚೆಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿದವರು ಇಬ್ಬರು. ಪ್ರಬಂಧ ಎಲ್ಲಿಂದ ಬಂತು ಎಂದರೆ, ‘ಗೈಡಲ್ಲಿದೆ ಮಿಸ್. ಏಳನೇ ಕ್ಲಾಸಿಂದ ಅದನ್ನೇ ಬರೀತೀವಿ’ ಎಂದರು.

ಸರ್ ಎರಡನೆಯ ಪ್ರಶ್ನೆಯನ್ನೂ ಕೇಳಿದ್ದರು. ‘ನೀನು ಬೋರ್ಡಲ್ಲಿ ಬರೆದಿದ್ದಾದರೂ ನಿಜವೇನಮ್ಮ?’

ಅದೂ ನಿಜವಲ್ಲ. ಪಿಯುಸಿಯಿಂದ ನನ್ನ ಹವ್ಯಾಸ ಸಿನಿಮಾ. ತಿಂಗಳಿಗೆ ಒಂದು ಭಾನುವಾರ ಮ್ಯಾಟಿನಿ. ಟಿಕೆಟನ್ನು ಹರಿಯದಂತೆ ತಂದು ಒಂದು ಲಾಂಗ್ ನೋಟ್‌ಬುಕ್ಕಿನ ಎಡಪುಟಕ್ಕೆ ಅಂಟಿಸುತ್ತೇನೆ. ಬಲಪುಟದ ಮೇಲೆ ಸಿನಿಮಾದ ಹೆಸರನ್ನು ಪೋಸ್ಟರಿನಲ್ಲಿ ಇದ್ದಂತೆ ಸ್ಕೆಚ್ ಪೆನ್ನಿನಲ್ಲಿ ಬಿಡಿಸಿ, ಕೆಳಗೆ ಐದು ಸಾಲು ಬರೆಯುತ್ತೇನೆ: ಯಾರ ಜೊತೆ ಹೋದೆ, ಜನ ಎಲ್ಲಿ ಶಿಳ್ಳೆ ಹಾಕಿದರು, ಮನೆಗೆ ಬಂದ ಮೇಲೂ ತಲೆಯಲ್ಲಿ ಉಳಿದದ್ದು ಯಾವುದು. ಬೆಳಿಗ್ಗೆ ತಲೆ ಬಾಚುವಾಗ ಆಕಾಶವಾಣಿಯಲ್ಲಿ ಹಳೆಯ ಹಾಡು ಬಂದರೆ ಸಿನಿಮಾದ ಹೆಸರು, ವರ್ಷ, ಸಂಗೀತ ನಿರ್ದೇಶಕರ ಹೆಸರನ್ನು ಅಮ್ಮನಿಗಿಂತ ಮೊದಲು ಹೇಳುವುದು ನಮ್ಮಿಬ್ಬರ ಪಂದ್ಯ. ಹಾಸ್ಟೆಲಿಗೆ ಬಂದಾಗ ಆ ಪುಸ್ತಕವನ್ನು ಟ್ರಂಕಿನ ತಳದಲ್ಲಿ, ಮನೋವಿಜ್ಞಾನದ ನೋಟ್ಸಿನ ಕೆಳಗೆ ಇಟ್ಟಿದ್ದೆ. ಬಿ.ಇಡಿ. ಓದುವವಳು ಇಂಥದ್ದನ್ನು ತೋರಿಸಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ.

ಹೀಗಿರುವಾಗ ಆ ಹುಡುಗನ ನೋಟ್‌ಬುಕ್ಕನ್ನು ಕಸಿದುಕೊಂಡದ್ದು ಏನು? ನನ್ನ ಪುಸ್ತಕದಂಥದ್ದೇ ಇನ್ನೊಂದನ್ನು.

ಎರಡನೆಯ ಪಾಠದ ಯೋಜನೆ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮಾರ್ಗದರ್ಶಿ ಸೂತ್ರಗಳಲ್ಲಿ ಮೊದಲನೆಯದು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸುವುದು. ಪರೀಕ್ಷೆಗೆ ಇದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನ್ನ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ದ ಎದುರು ಬರೆದಿದ್ದುದು ‘ಮಕ್ಕಳಿಗೆ ಹವ್ಯಾಸದ ಬಗ್ಗೆ ತಿಳಿದಿದೆ’ ಎಂಬ ಒಂದೇ ಸಾಲು. ಈ ಸಲ ಆ ಸಾಲಿನಿಂದಲೇ ಶುರುಮಾಡಿದೆ. ಪಾಠದ ಹಿಂದಿನ ದಿನ ಪ್ರತಿ ಮಗುವೂ ‘ನಿನ್ನೆ ಶಾಲೆ ಬಿಟ್ಟ ಮೇಲೆ ಮಲಗುವವರೆಗೆ ಏನೇನು ಮಾಡಿದೆ’ ಎಂದು ಚೀಟಿಯಲ್ಲಿ ಬರೆದುಕೊಡಬೇಕು, ಹೆಸರು ಬೇಡ ಎಂದೆ. ಹಸು ಕಟ್ಟಿದ್ದು, ನೀರು ಹಿಡಿದದ್ದು, ಟ್ಯೂಷನ್, ಅವುಗಳ ನಡುವೆ ಸಿನಿಮಾ ಬಹುತೇಕ ಚೀಟಿಗಳಲ್ಲಿತ್ತು: ಟಿವಿಯಲ್ಲಿ ನೋಡಿದ್ದು, ಅಪ್ಪನ ಫೋನಿನಲ್ಲಿ ಹಾಡು ಕೇಳಿದ್ದು, ತಮ್ಮನೆದುರು ಡೈಲಾಗ್ ಹೊಡೆದದ್ದು.

ಹಾಗಾಗಿ ವಿಷಯವನ್ನು ಬದಲಿಸಿದೆ: ‘ನಾನು ಕಂಡ ಒಂದು ದೃಶ್ಯ’ – ಸಿನಿಮಾ ವಿಮರ್ಶೆಯ ಮೊದಲ ಹೆಜ್ಜೆ. ಬೋಧನೋಪಕರಣ ನನ್ನ ಟಿಕೆಟ್ ಪುಸ್ತಕ.

ತರಗತಿಯಲ್ಲಿ ನಡೆದದ್ದು

ಮೊದಲು ಹುಡುಗನ ನೋಟ್‌ಬುಕ್ಕನ್ನು ಅವನ ಬೆಂಚಿಗೆ ಹೋಗಿ ಕೊಟ್ಟೆ. ‘ಅವತ್ತು ನಾನು ಎಲ್ಲರೆದುರು ಹಾಗೆ ಹೇಳಬಾರದಿತ್ತು’ ಎಂದು ಎಲ್ಲರೆದುರೇ ಹೇಳಿದೆ. ಅವನು ತೆಗೆದುಕೊಂಡು ಚೀಲದೊಳಗಿಟ್ಟ, ಏನೂ ಹೇಳಲಿಲ್ಲ. ಆಮೇಲೆ ನನ್ನ ಪುಸ್ತಕ ಬೆಂಚಿನಿಂದ ಬೆಂಚಿಗೆ ಹೋಯಿತು. ‘ಮಿಸ್, ಗಾಂಧಿ ಕ್ಲಾಸಾ ಬಾಲ್ಕನಿನಾ?’ ಎಂದು ಒಬ್ಬಳು ಕೇಳಿದಳು. ತರಗತಿ ಸಡಿಲವಾಯಿತು.

ಮಾದರಿ ಚರ್ಚೆಗೆ ‘ನಾಗರಹಾವು’ ಆರಿಸಿಕೊಂಡೆ. ತರಾಸು ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ ಚಿತ್ರ. ನಮ್ಮ ಕೋಟೆಯೇ ಅದರಲ್ಲಿದೆ, ಮಕ್ಕಳು ಟಿವಿಯಲ್ಲಿ ನೋಡಿದ್ದಾರೆ, ಓಬವ್ವನ ಕಿಂಡಿಯನ್ನು ಪ್ರವಾಸದಲ್ಲಿ ಕಣ್ಣಾರೆ ಕಂಡಿದ್ದಾರೆ. ‘ಕಿಂಡಿ ನಿಜವಾಗಿ ಎಷ್ಟು ದೊಡ್ಡದಿದೆ? ಜಯಂತಿಯವರು ಓಬವ್ವನಾಗಿ ನಿಂತಾಗ ಎಷ್ಟು ದೊಡ್ಡದಾಗಿ ಕಂಡಿತು? ಯಾಕೆ?’ ಎಂದು ಕೇಳಿದೆ. ಕ್ಯಾಮೆರಾ ಹತ್ತಿರ ಹೋದರೆ ಏನಾಗುತ್ತದೆ, ದೂರ ನಿಂತರೆ ಏನಾಗುತ್ತದೆ ಎಂಬುದನ್ನು ಮಕ್ಕಳೇ ಕೈಬೆರಳುಗಳ ಚೌಕಟ್ಟು ಮಾಡಿ ನೋಡಿ ಹೇಳಿದರು.

ನಂತರ ಚಾಮಯ್ಯ ಮೇಷ್ಟ್ರ ಪಾತ್ರಕ್ಕೆ ಬಂದೆವು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ‘ಮೇಷ್ಟ್ರು ಮಾಡಿದ್ದು ಸರಿಯೇ?’ ಎಂಬ ನನ್ನ ಪ್ರಶ್ನೆಗೆ ಮುಂದಿನ ಬೆಂಚಿನ ಹುಡುಗಿ ಹೇಳಿದಳು: ‘ಅವರಿಗೆ ಅವನ ಮೇಲೆ ಪ್ರೀತಿ ಇದೆ ಮಿಸ್. ಆದರೆ ಹೇಳಿದ್ದು ಜಾಸ್ತಿ, ಕೇಳಿಸಿಕೊಂಡಿದ್ದು ಕಮ್ಮಿ.’ ಅದನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಬರೆಯುವಾಗ ಕೊನೆಯ ಬೆಂಚಿನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಪಾಠ ಕೈತಪ್ಪಿದ ಗಳಿಗೆ

ಬರವಣಿಗೆಗೆ ಹೊತ್ತಾದಾಗ ಎಡವಟ್ಟಾಯಿತು. ‘ನಿಮಗಿಷ್ಟವಾದ ಸಿನಿಮಾದ ಬಗ್ಗೆ ಬರೆಯಿರಿ’ ಎಂದೆ. ಎರಡು ನಿಮಿಷದಲ್ಲಿ ಇಬ್ಬರು ನಟರ ಅಭಿಮಾನಿಗಳು ಎರಡು ಪಂಗಡವಾದರು. ಒಬ್ಬ ಇನ್ನೊಬ್ಬನ ಪುಸ್ತಕದ ಮೇಲೆ ಗೀಚಿದ. ಪಕ್ಕದ ತರಗತಿಯ ಶಿಕ್ಷಕರು ಬಂದು ಬಾಗಿಲಲ್ಲಿ ನಿಂತರು. ಅಭಿಮಾನವನ್ನು ತರಗತಿಗೆ ಕರೆದರೆ ಅದರ ಜಗಳವೂ ಒಳಗೆ ಬರುತ್ತದೆ ಎಂಬುದನ್ನು ನಾನು ಯೋಜಿಸಿರಲಿಲ್ಲ. ಅಷ್ಟರಲ್ಲಿ ಬರೆದಿದ್ದವರ ಸಾಲುಗಳೂ ಒಂದೇ ಅಚ್ಚು: ‘ಸಿನಿಮಾ ತುಂಬಾ ಚೆನ್ನಾಗಿದೆ. ಫೈಟ್ ಸೂಪರ್. ಎಲ್ಲರೂ ನೋಡಬೇಕು.’ ಗೈಡಿನ ಅಂಚೆಚೀಟಿ ಹೋಗಿ ಪೋಸ್ಟರಿನ ಮಾತು ಬಂದಿತ್ತು, ಅಷ್ಟೆ.

ಮುಂದಿನ ಅವಧಿಗೆ ಮೂರು ಪ್ರಶ್ನೆ, ಎರಡು ನಿಯಮ ಕೊಟ್ಟೆ.

ಪ್ರಶ್ನೆಗಳು:
1. ಒಂದೇ ದೃಶ್ಯ ಆರಿಸಿಕೊ. ಅದರಲ್ಲಿ ಏನು ಕಂಡೆ, ಏನು ಕೇಳಿದೆ?
2. ಹಾಗೆ ಕಾಣಿಸಲು ಅವರು ಏನು ಮಾಡಿದ್ದಾರೆ? (ಬೆಳಕು, ಮಾತು, ಸಂಗೀತ, ಸುಮ್ಮನಿರುವುದು, ಜಾಗ)
3. ನಿನಗೆ ಏನನ್ನಿಸಿತು? ಯಾಕೆ?

ನಿಯಮಗಳು:
1. ನಟ ನಟಿಯರ ಹೆಸರು ಬರೆಯುವಂತಿಲ್ಲ. ಪಾತ್ರದ ಹೆಸರು ಬರೆಯಬಹುದು.
2. ‘ಚೆನ್ನಾಗಿದೆ’, ‘ಸೂಪರ್’ ಎಂಬ ಪದಗಳಿಗೆ ಇವತ್ತು ರಜೆ.

ಮೊದಲನೆಯ ನಿಯಮದಿಂದ ಜಗಳ ತಾನಾಗಿ ನಿಂತಿತು. ಹೆಸರಿಲ್ಲದಿದ್ದರೆ ಪಂಗಡ ಕಟ್ಟಲು ಏನಿದೆ? ಎರಡನೆಯ ನಿಯಮದಿಂದ ಮಕ್ಕಳು ತುಸು ಹೊತ್ತು ಪೆನ್ನು ಕಚ್ಚುತ್ತಾ ಕುಳಿತರು, ಆಮೇಲೆ ಬರೆದರು. ‘ಫೈಟ್ ಸೂಪರ್’ ಎಂದಿದ್ದ ಹುಡುಗನೇ ಹೀಗೆ ಬರೆದ: ‘ಫೈಟ್ ಮುಗಿದ ಮೇಲೆ ಶಬ್ದ ಇರಲಿಲ್ಲ. ಒಂದು ಚೊಂಬು ಉರುಳುವ ಸದ್ದು ಮಾತ್ರ ಕೇಳಿತು. ಆಗ ನನಗೆ ಹೆದರಿಕೆ ಆಯ್ತು. ಫೈಟ್ ಆಗುವಾಗ ಆಗಿರಲಿಲ್ಲ.’ ಇದರಲ್ಲಿ ನೋಟವಿದೆ, ಕಾರಣವಿದೆ, ಹೋಲಿಕೆಯಿದೆ. ವಿಮರ್ಶೆಯ ಲಕ್ಷಣಗಳನ್ನು ನಾನು ಅರ್ಧ ಗಂಟೆ ವಿವರಿಸಿದ್ದರೂ ಇಷ್ಟು ಬರುತ್ತಿರಲಿಲ್ಲ.

ಒಬ್ಬ ಹುಡುಗಿಯ ಪ್ರಶ್ನೆ

ಒಬ್ಬಳು ಖಾಲಿ ಹಾಳೆ ಹಿಡಿದು ಬಂದಳು. ‘ನಾನು ಟಾಕೀಸಿಗೆ ಹೋಗೇ ಇಲ್ಲ ಮಿಸ್. ಮನೇಲಿ ಅಣ್ಣನ್ನ ಕಳಿಸ್ತಾರೆ, ನನ್ನನ್ನ ಕಳಿಸಲ್ಲ. ಟಿವಿ ರಿಮೋಟೂ ಅವನ ಹತ್ರಾನೇ.’ ವಿಚಾರಿಸಿದರೆ ಅಂಥ ಹುಡುಗಿಯರು ಇನ್ನೂ ಇದ್ದರು. ಟಿಕೆಟ್ ಪುಸ್ತಕ ತೋರಿಸುವಾಗ ಅದು ನನ್ನ ಸೌಭಾಗ್ಯ ಎಂಬುದು ನನಗೆ ಹೊಳೆದಿರಲಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದಳು, ಆದ್ದರಿಂದ ನಾನು ಅಭಿಮಾನಿಯಾದೆ. ಎಲ್ಲ ಮಕ್ಕಳ ಬದುಕಿಗೂ ಹತ್ತಿರವಾದದ್ದು ಎಂದು ನಾನು ತಂದ ವಿಷಯ ಕೆಲವರನ್ನು ಹೊರಗೇ ನಿಲ್ಲಿಸಿತ್ತು.

‘ಅಣ್ಣ ಬಂದು ಕಥೆ ಹೇಳ್ತಾನಾ?’ ಎಂದೆ. ಹೇಳುತ್ತಾನಂತೆ. ‘ಹಾಗಾದರೆ ಅಣ್ಣ ಕಥೆ ಹೇಳುವ ದೃಶ್ಯವನ್ನೇ ಬರಿ’ ಎಂದೆ. ಅವಳು ಬರೆದದ್ದು ಒಂದು ಪುಟ. ಅದರ ನಡುವೆ: ‘ಅಣ್ಣ ಹೊಡೆದಾಟ ಮಾತ್ರ ಹೇಳುತ್ತಾನೆ. ಆ ಅಮ್ಮ ಕೊನೆಗೆ ಏನಾದಳು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ನಾನು ರಾತ್ರಿ ಮಲಗಿ ಆ ಅಮ್ಮನ ಕಥೆಯನ್ನು ನಾನೇ ಮುಗಿಸುತ್ತೇನೆ.’ ತರಗತಿಯಲ್ಲಿ ಇದನ್ನು ಓದಿದಾಗ ಯಾರೂ ಶಿಳ್ಳೆ ಹಾಕಲಿಲ್ಲ. ಒಬ್ಬ ಹುಡುಗ ಮಾತ್ರ ‘ಹೇಗೆ ಮುಗಿಸ್ತೀಯ?’ ಎಂದು ಕೇಳಿದ. ಅದೇ ಅವರ ಮುಂದಿನ ಗೃಹಪಾಠವಾಯಿತು.

ಮೌಲ್ಯಮಾಪನ

ಹತ್ತು ಅಂಕಗಳನ್ನು ಹೀಗೆ ಹಂಚಿದ್ದೆ: ಕಂಡದ್ದರ ವಿವರ 4, ಕಾರಣ 3, ಭಾಷೆ 3. ಮೊದಲ ಪಾಠದಲ್ಲಿ ಶುದ್ಧವಾಗಿ ಬರೆದಿದ್ದ ಮಕ್ಕಳ ಕಾಗುಣಿತ ತಪ್ಪುಗಳು ಈ ಸಲ ಹೆಚ್ಚಾದವು. ಮೊದಲು ಗಾಬರಿಯಾಯಿತು. ಗೈಡಿನ ವಾಕ್ಯವನ್ನು ಬಾಯಿಪಾಠದಿಂದ ಇಳಿಸುವಾಗ ತಪ್ಪು ಕಾಣುವುದಿಲ್ಲ. ಸ್ವಂತ ವಾಕ್ಯ ಕಟ್ಟುವಾಗಲೇ ಮಗುವಿಗೆ ಏನು ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ. ತಿದ್ದಲು ನಮಗೆ ಕೆಲಸ ಸಿಗುವುದೂ ಆಗಲೇ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ದೃಶ್ಯದ ಬಗ್ಗೆ ಬರೆದದ್ದು ಮೂರೇ ಸಾಲು. ಆದರೆ ಗೋಡೆಪತ್ರಿಕೆಗೆ ಶೀರ್ಷಿಕೆ ಬಿಡಿಸುತ್ತೀಯಾ ಎಂದರೆ ಒಪ್ಪಿದ. ಉಕ್ತಲೇಖನದಲ್ಲಿ ‘ಹವ್ವಾಸ’ ಎಂದು ಬರೆಯುತ್ತಿದ್ದವನು ಗೋಡೆಪತ್ರಿಕೆಯಲ್ಲಿ ‘ಹವ್ಯಾಸ’ ಎಂದು ಸರಿಯಾಗಿ ಬಿಡಿಸಿದ್ದ. ಯ ಒತ್ತಿನ ಬಾಲವನ್ನು ಸಿನಿಮಾ ರೀಲು ಸುತ್ತಿಕೊಂಡಂತೆ ಎಳೆದಿದ್ದ. ಬಿಡಿಸಬೇಕಾದರೆ ಅಕ್ಷರವನ್ನು ನೋಡಲೇಬೇಕು. ಅಂದಿನಿಂದ ಅವನಿಗೆ ತಪ್ಪಾಗುವ ಒತ್ತಕ್ಷರಗಳನ್ನು ಪೋಸ್ಟರ್ ಅಕ್ಷರದಲ್ಲಿ ಬಿಡಿಸಲು ಕೊಡುತ್ತಾ ಬಂದೆ. ಕೊನೆಯ ವಾರದ ಉಕ್ತಲೇಖನದಲ್ಲಿ ‘ಹವ್ಯಾಸ’ ಸರಿಯಿತ್ತು. ‘ಅಭ್ಯಾಸ’ ಮಾತ್ರ ‘ಅಬ್ಯಾಸ’ವಾಗಿತ್ತು.

ಶೀರ್ಷಿಕೆ ಅಂಟಿಸುವಾಗ ಅವನು ಕೇಳಿದ: ‘ಇದಕ್ಕೆ ಮಾರ್ಕ್ಸ್ ಇದೆಯಾ ಮಿಸ್?’ ನನ್ನ ಮೌಲ್ಯಮಾಪನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ‘ಇಲ್ಲ’ ಎಂದೆ. ‘ಹಂಗಾದ್ರೆ ಸರಿ’ ಎಂದು ಗೋಂದು ಹಚ್ಚತೊಡಗಿದ.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ‘ನನ್ನ ಹವ್ಯಾಸ’ ಬರೆಸುವ ಮುನ್ನ ಒಂದು ದಿನದ ಚೀಟಿ ಬರೆಸಿ. ಪೂರ್ವಜ್ಞಾನವನ್ನು ಊಹಿಸಬೇಡಿ, ಕೇಳಿ.
2. ಮಾದರಿ ಬರೆದು ತೋರಿಸುವುದಾದರೆ ನಿಮ್ಮ ನಿಜವಾದ ಹವ್ಯಾಸವನ್ನೇ ಬರೆಯಿರಿ. ನಾವು ಸುಳ್ಳು ಬರೆದರೆ ಮಕ್ಕಳೂ ಅದನ್ನೇ ಕಲಿಯುತ್ತಾರೆ.
3. ಸಿನಿಮಾ ವಿಷಯವಾದರೆ ನಟರ ಹೆಸರಿಲ್ಲದೆ ಬರೆಯುವ ನಿಯಮವನ್ನು ಮೊದಲೇ ಹೇಳಿ.
4. ಸಿನಿಮಾ ನೋಡಲು ಅವಕಾಶವಿಲ್ಲದ ಮಕ್ಕಳಿಗೆ ಕೇಳಿದ ಕಥೆ, ಹಾಡು, ಗೋಡೆಯ ಪೋಸ್ಟರ್ ಇವುಗಳ ಬಗ್ಗೆ ಬರೆಯುವ ದಾರಿಯನ್ನು ಯೋಜನೆಯಲ್ಲೇ ಇಟ್ಟುಕೊಳ್ಳಿ.
5. ಕೊನೆಯ ಪುಟದ ಚಿತ್ರಗಳನ್ನು ಕಸಿದುಕೊಳ್ಳುವ ಮುನ್ನ ಒಮ್ಮೆ ಓದಿ.

ನನ್ನ ಟಿಕೆಟ್ ಪುಸ್ತಕ ಈಗ ಟ್ರಂಕಿನ ಮೇಲೆಯೇ ಇದೆ.