ಕವಾಟದ ಆಪರೇಷನ್ ಮತ್ತು ಹೃದಯದ ಬಲಭಾಗ

ಹೃದಯದ ಕವಾಟದ ಆಪರೇಷನ್ ಚೆನ್ನಾಗಿ ಆಗಿದೆ ಎಂದು ವೈದ್ಯರು ಹೇಳಿದ ಮೇಲೂ ಕೆಲವು ರೋಗಿಗಳಿಗೆ ಕಾಲಿನ ಬಾವು ಇಳಿಯುವುದಿಲ್ಲ. ನಾಲ್ಕು ಮೆಟ್ಟಿಲು ಏರಿದರೆ ದಮ್ಮು ಹತ್ತುತ್ತದೆ. ಇಷ್ಟೆಲ್ಲ ಮಾಡಿಸಿಯೂ ಗುಣ ಆಗಲಿಲ್ಲವಲ್ಲ ಎಂದು ಮನೆಯವರು ಕೊರಗುತ್ತಾರೆ. ಇದಕ್ಕೆ ಒಂದು ಮುಖ್ಯ ಕಾರಣ ಹೃದಯದ ಬಲಭಾಗದಲ್ಲಿರುತ್ತದೆ.

ಎರಡು ಪಂಪುಗಳು

ಹೃದಯದಲ್ಲಿ ಎರಡು ಪಂಪುಗಳಿವೆ ಎಂದು ತಿಳಿಯೋಣ. ಬಲಭಾಗವು ಆಮ್ಲಜನಕ ಕಡಿಮೆಯಾದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಭಾಗವು ಶ್ವಾಸಕೋಶದಿಂದ ಬಂದ ರಕ್ತವನ್ನು ಇಡೀ ದೇಹಕ್ಕೆ ಕಳಿಸುತ್ತದೆ. ವಿಶ್ರಾಂತಿಯಲ್ಲಿ ಎರಡೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಸಾಗಿಸುತ್ತವೆ. ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ: ಎರಡೂ ಬದಿ ತಾಳೆಯಾಗಲೇಬೇಕು. ಒತ್ತಡ ಮಾತ್ರ ಬೇರೆ. ಎಡಭಾಗ ಸುಮಾರು 120ರ ಒತ್ತಡದಲ್ಲಿ ದುಡಿದರೆ, ಬಲಭಾಗಕ್ಕೆ ಸುಮಾರು 25 ಸಾಕು. ಆದ್ದರಿಂದ ಅದರ ಗೋಡೆ ತೆಳು.

ರಕ್ತವು ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದು 1242ರಲ್ಲಿ ಬರೆದವರು ಡಮಾಸ್ಕಸ್ ಕಡೆಯವರಾದ, ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್. ನಡುಗೋಡೆಯ ಸಣ್ಣ ರಂಧ್ರಗಳಿಂದ ರಕ್ತ ದಾಟುತ್ತದೆ ಎಂಬ ಗ್ಯಾಲೆನ್‌ನ ಹಳೆಯ ಮಾತನ್ನು ಅವರು ಒಪ್ಪಲಿಲ್ಲ. ವಿಲಿಯಂ ಹಾರ್ವೆಯ ಗ್ರಂಥ ಬಂದದ್ದು 1628ರಲ್ಲಿ.

ಒತ್ತಡ ಏರುವುದು ಹೇಗೆ?

ನಮ್ಮ ದೇಶದಲ್ಲಿ ಕವಾಟ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಚಿಕಿತ್ಸೆ ಆಗದಿದ್ದರೆ ಕೆಲವು ಮಕ್ಕಳಿಗೆ ಈ ಜ್ವರ ಬರುತ್ತದೆ. ಹೆಚ್ಚಾಗಿ 5ರಿಂದ 15 ವಯಸ್ಸಿನವರಲ್ಲಿ. ಕೀಲು ನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ವರ್ಷಗಳು ಕಳೆದಂತೆ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗುತ್ತದೆ. ಮುಂದೆ ಹೋಗಲಾರದ ರಕ್ತ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅಲ್ಲಿನ ರಕ್ತನಾಳಗಳ ಸರಾಸರಿ ಒತ್ತಡ 20 ದಾಟಿದರೆ ಅದು ಪಲ್ಮನರಿ ಹೈಪರ್‌ಟೆನ್ಷನ್. ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಅಲ್ಲ, ಎಕೋ ಪರೀಕ್ಷೆಯಲ್ಲಿ ಇದರ ಅಂದಾಜು ಸಿಗುತ್ತದೆ. ತೆಳು ಗೋಡೆಯ ಬಲಭಾಗ ಈ ಭಾರ ತಾಳದೆ ಹಿಗ್ಗಿ ಸೋಲುತ್ತದೆ. ಆಗ ಕಾಲು ಊದುತ್ತದೆ, ಯಕೃತ್ತು ದೊಡ್ಡದಾಗುತ್ತದೆ.

ಆಪರೇಷನ್ ದಿನ

ಕವಾಟ ಬದಲಿಸುವಾಗ ಹೃದಯವನ್ನು ನಿಲ್ಲಿಸಿ, ಹಾರ್ಟ್-ಲಂಗ್ ಯಂತ್ರದಿಂದ ರಕ್ತ ಹರಿಸುತ್ತಾರೆ. ಯಂತ್ರ ಬಿಡಿಸುವ ಹೊತ್ತು ಬಲಭಾಗಕ್ಕೆ ಕಠಿಣ ಪರೀಕ್ಷೆ. ಆಮ್ಲಜನಕ ಕಡಿಮೆಯಾದರೆ ಅಥವಾ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಶ್ವಾಸಕೋಶದ ನಾಳಗಳು ಇನ್ನೂ ಬಿಗಿಯುತ್ತವೆ. ಬಲಭಾಗ ರಕ್ತ ಕಳಿಸದಿದ್ದರೆ, ಹೊಸ ಕವಾಟವಿದ್ದರೂ ಎಡಭಾಗಕ್ಕೆ ಕಳಿಸಲು ರಕ್ತವೇ ಇರುವುದಿಲ್ಲ. ಅದಕ್ಕಾಗಿ ವೈದ್ಯರು ಮಿಲ್ರಿನೋನ್‌ನಂತಹ ಔಷಧ ಕೊಡುತ್ತಾರೆ. ಬೇಕಾದರೆ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಿನೊಂದಿಗೆ ಕೊಡುತ್ತಾರೆ. ಈ ಅನಿಲ ನಾಳಗಳನ್ನು ಸಡಿಲಿಸುತ್ತದೆ ಎಂಬ ಶೋಧಕ್ಕೆ 1998ರಲ್ಲಿ ನೊಬೆಲ್ ಬಂದಿತು.

ಕವಾಟ ಸರಿಯಾದ ಮೇಲೆ ಬಹಳ ಜನರಲ್ಲಿ ಒತ್ತಡ ಇಳಿಯುತ್ತದೆ. ಆದರೆ ನಾಳಗಳ ಗೋಡೆ ದಪ್ಪಗಾಗಿ ಗಟ್ಟಿಯಾಗಿದ್ದರೆ ಪೂರ್ತಿ ಇಳಿಯುವುದಿಲ್ಲ. ತಡಮಾಡಿದ ವರ್ಷಗಳ ಬೆಲೆ ಇದೇ.

ನಮಗೆ ತಿಳಿದಿರಬೇಕಾದದ್ದು

ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್ 22ರಂದು ಉದ್ಘಾಟನೆಯಾಗಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ನವರು ಹೃದಯ ತೋರಿಸಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕವಾಟ ಕಿರಿದಾದವರಲ್ಲಿ ಸಕಾಲಕ್ಕೆ ಬಂದ ಅನೇಕರಿಗೆ ಎದೆ ತೆರೆಯದೆ ಬಲೂನಿನಿಂದಲೇ ಕವಾಟ ಅಗಲಿಸಬಹುದು.

ರುಮ್ಯಾಟಿಕ್ ಜ್ವರ ಬಂದವರಿಗೆ 3 ಅಥವಾ 4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಡುತ್ತಾರೆ. ಆರಾಮಾಗಿದ್ದೇವೆ ಎಂದು ಅದನ್ನು ಬಿಡಬಾರದು. ರೋಜಾ ಇಡುವ ಹೃದ್ರೋಗಿಗಳು ರಂಜಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಬೇಕು. ರೋಗಿಗೆ ಧರ್ಮದಲ್ಲೇ ರಿಯಾಯಿತಿ ಇದೆ.

ಹುಡುಗಿಗೆ ದಮ್ಮು ಹತ್ತಿದರೆ ನಿಶ್ಶಕ್ತಿ ಎನ್ನುತ್ತಾರೆ. ಕಾಯಿಲೆ ಗೊತ್ತಿದ್ದರೂ ಮದುವೆಯ ಮಾತು ಮುರಿಯಬಹುದೆಂದು ಮುಚ್ಚಿಡುವವರೂ ಇದ್ದಾರೆ. ಗರ್ಭಿಣಿಯಾದಾಗ ದೇಹದ ರಕ್ತದ ಪ್ರಮಾಣ ಬಹಳ ಹೆಚ್ಚುತ್ತದೆ. ಕಿರಿದಾದ ಕವಾಟಕ್ಕೆ ಆಗ ಅದು ಜೀವದ ಪ್ರಶ್ನೆ. ತರಗತಿಯಲ್ಲಿ ಯಾರಾದರೂ ಮೆಟ್ಟಿಲ ಮೇಲೆ ಪದೇ ಪದೇ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರೆ ನಗಬೇಡಿ, ಒಮ್ಮೆ ಎಕೋ ಮಾಡಿಸಲು ಹೇಳಿ.