ವಿಮಾನದ ಟಿಕೆಟ್ ತೆಗೆಯುವ ಮುನ್ನ

ಕೆಜಿಎಫ್, ಬಂಗಾರಪೇಟೆ ಕಡೆಯ ಬಂಧುಗಳೇ, ಎಲ್ಲೋ ಸೋಂಕು ಹಬ್ಬುತ್ತಿದೆ ಎಂಬ ಸುದ್ದಿ ಬಂದರೆ ಅದು ದೇವನಹಳ್ಳಿ ವಿಮಾನ ನಿಲ್ದಾಣದವರ ಚಿಂತೆ ಎಂದು ಸುಮ್ಮನಿರಬೇಡಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗಲೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲೂ ನಿಂತಿತು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ರೈಲನ್ನೇ ನಂಬಿ ದುಡಿಯಲು ಹೋಗುತ್ತಿದ್ದ ಮನೆಗಳಿಗೆ ಅದೆಂಥ ಪೆಟ್ಟು! ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಭಕ್ತರು ಬರದಿದ್ದರೆ ಹೂವು, ಕಾಯಿ ಮಾರುವವರ ಹೊಟ್ಟೆಪಾಡೂ ನಿಂತಂತೆಯೇ.

ದೇಶದೊಳಗಿನ ವಿಮಾನಗಳು 2020ರ ಮೇ 25ಕ್ಕೆ ಮತ್ತೆ ಹಾರಿದವು. ಹೊರದೇಶದ ನಿಯಮಿತ ಹಾರಾಟ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ರದ್ದಾದ ಟಿಕೆಟ್ ಹಣದ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2020ರ ಅಕ್ಟೋಬರ್ 1ರಂದು ಮರುಪಾವತಿಯ ಆದೇಶ ಬಂತು. ಹಾಗಾಗಿ ಟಿಕೆಟ್ ತೆಗೆಯುವಾಗಲೇ ರದ್ದತಿಯ ನಿಯಮ ಓದಿ, ರಸೀದಿ ಜೋಪಾನ ಮಾಡಿ. ಸೋಂಕಿನ ಸುದ್ದಿ ಬಂದ ಮೇಲೆ ಮಾಡಿಸಿದ ವಿಮೆ ಎಷ್ಟೋ ಸಲ ಆ ನಷ್ಟ ತುಂಬಿಕೊಡುವುದಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳಿ.

ಮಕ್ಕಳನ್ನು ನೋಡಲು ಆಫ್ರಿಕಾದ ಕಡೆ ಹೊರಟಿದ್ದೀರಾ? ಅಲ್ಲಿನ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು, ಅದೂ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು. ಪ್ರಮಾಣಪತ್ರವಿಲ್ಲದೆ ಮರಳಿದರೆ ನಿಲ್ದಾಣದಿಂದ ಮನೆಗೆ ಬಿಡದೆ 6 ದಿನದವರೆಗೆ ಬೇರೆ ಇರಿಸಬಹುದು.

ಮೈ ಬಿಸಿಯಿದ್ದರೆ ದಯವಿಟ್ಟು ಹೊರಡಬೇಡಿ, ಹಣ ಹೋದರೂ ಹೋಗಲಿ. ಸೋಂಕು ತಗ್ಗಿತೆಂದು ಆರೋಗ್ಯ ಇಲಾಖೆ ಹೇಳಿದ ಮೇಲೆ ಮೊದಲ ಪ್ರವಾಸ ಹತ್ತಿರಕ್ಕೇ ಇರಲಿ: ಕೋಟಿಲಿಂಗ ನೋಡಿ, ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನಿ, ನಮ್ಮವರ ಅಂಗಡಿಗಳಿಗೆ ನಾಲ್ಕು ಕಾಸು ಸೇರಲಿ.